ಸಿಪಾಯಿ ಅಂಗಿಯ ಗುಂಡಿ

ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ಚಿತ್ರ ಸ್ಪಷ್ಟವಾಗಲೆಂದು ರಿಪೇರಿಯವನು ಅದರೊಳಗೆ ಹೊಸ ವಿಡಿಯೋ ಬೋರ್ಡ್ ಬೆಸೆದ. ಟಿವಿಯಲ್ಲಿ ಚಿತ್ರ ಮಸುಕಾಗಿಯೇ ಇತ್ತು. ಕೇಬಲ್ ಬದಲಿಸಿದ, ಕೂದಲೆಳೆಯಂಥ ತಂತಿಗಳನ್ನು ಮೂರನೇ ಸಲ ಬೆಸೆದ, ಬೋರ್ಡ್ ಮಾಡಿದವನ ವಂಶವನ್ನೆಲ್ಲ ಬೈದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಗಿರಾಕಿಗಳನ್ನು ಇಪ್ಪತ್ತು ವರ್ಷ ಹಂಗಿಸಿದವನು ಅವನೇ.

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆಯೆತ್ತಿದಳು. “ಎಷ್ಟು ಚೆನ್ನಾಗಿ ಬಂದಿದೆಯಲ್ರೀ! ಆಟದಲ್ಲಿರೋ ಸಿಪಾಯಿ ಅಂಗಿಯ ಗುಂಡಿ ಎಣಿಸಬಹುದು.”

“ಸುಮ್ನಿರೇ, ಗಾಯದ ಮೇಲೆ ಉಪ್ಪು ಸವರ್ಬೇಡ.”

“ಅಯ್ಯೋ, ನಿಜ ಕಣ್ರೀ. ಐದಿದೆ, ನೋಡಿ.”

ಅವನು ಒಂದೊಂದೇ ಕಣ್ಣು ಮುಚ್ಚಿ ನೋಡಿದ. ಸಿಪಾಯಿಯೇ ಸರಿಯಾಗಿ ಕಾಣಲಿಲ್ಲ. ಬೆಸುಗೆಯಲ್ಲಿ ತಪ್ಪಿರಲಿಲ್ಲ, ಕೈಗೆ ದಾರಿ ಗೊತ್ತಿತ್ತು. ಕೆಟ್ಟಿದ್ದು ಕಣ್ಣು. ಮನೆ ನಡೆಯುತ್ತಿದ್ದುದು ಆ ಎರಡು ಕಣ್ಣುಗಳ ಮೇಲೆ.

“ಹೌದು ಕಣೇ, ಐದು,” ಎಂದು ಅವನು ಬೆಸುಗೆ ಕಡ್ಡಿಯ ಪ್ಲಗ್ ಕಿತ್ತ.