ಕೆಟ್ಟಿದೆ ಎಂದು ಬರೆದಿದ್ದ ರೀಲು

ಅಪ್ಪ ಆಗಾಗ ತೆಗೆದಿಟ್ಟ ಪುಟ್ಟ ಫಿಲ್ಮ್ ರೀಲುಗಳು ಒಟ್ಟು ಹನ್ನೆರಡು. ಅವನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಯಲ್ಲಿ ಅಕ್ಕ, ತಮ್ಮ ಬೆಳಗಿನಿಂದ ಕೂತಿದ್ದರು. ಅಕ್ಕನಿಗೆ ಎಪ್ಪತ್ತರ ಹತ್ತಿರ, ತಮ್ಮನಿಗೆ ಅರವತ್ತು. ಅವನು ಹುಟ್ಟಿದ ವಾರದಲ್ಲೇ ಅಮ್ಮ ಕಣ್ಮುಚ್ಚಿದ್ದಳು. "ಅಪ್ಪ ಅಮ್ಮನ್ನ ಫಿಲ್ಮಲ್ಲಿ ಹಿಡಿದಿದ್ದಾರೆ ಕಣೋ, ನಾನೇ ಪಕ್ಕದಲ್ಲಿ ನಿಂತಿದ್ದೆ" ಎಂದು ಅಕ್ಕ ಅವನಿಗೆ ಬುದ್ಧಿ ಬಂದಾಗಿನಿಂದ ಹೇಳಿಕೊಂಡು ಬಂದಿದ್ದಳು.

ಹನ್ನೊಂದು ರೀಲು ಮುಗಿದವು. ನಾಯಿ ಬಂತು, ಸೋದರಮಾವನ ಸೈಕಲ್ಲು ಬಂತು, ಅಪ್ಪನ ಹೆಬ್ಬೆರಳಂತೂ ಮೂರು ಸಲ ಬಂತು. ಅಮ್ಮ ಬರಲಿಲ್ಲ.

"ಆಗ ನಿನಗೆ ಎಂಟು ವರ್ಷ ಅಕ್ಕ. ಕನಸು ಕಂಡಿರ್ತೀಯ" ಎಂದ ತಮ್ಮ, ಮೆಲ್ಲಗೆ. ಮೆಲ್ಲಗೆ ಅಂದದ್ದೇ ಅವಳಿಗೆ ಹೆಚ್ಚು ನಾಟಿತು. ಎತ್ತಿ ಆಡಿಸಿದ ಕೂಸನ್ನು ಬರೀ ಗಾಳಿಮಾತು ಹೇಳಿ ಬೆಳೆಸಿದೆನೇ?

"ಇನ್ನೊಂದಿದೆಯಲ್ಲ?" ಎಂದಳು ಅಂಗಡಿಯ ರೀಲಿನವನಿಗೆ.

"ಅದು ಬೇಡಮ್ಮ. ಡಬ್ಬಿ ಮೇಲೆ ನಿಮ್ಮಪ್ಪನೇ 'ಕೆಟ್ಟಿದೆ' ಅಂತ ಬರೆದಿದ್ದಾರೆ. ಬಳಸಿದ ಫಿಲ್ಮನ್ನ ತೊಳೆಸದೆ ಇಟ್ಟು, ಹೊಸದು ಅಂದ್ಕೊಂಡು ಮತ್ತೆ ಕ್ಯಾಮೆರಾಗೆ ಹಾಕಿದ್ದಾರೆ. ಒಂದರ ಮೇಲೊಂದು ಚಿತ್ರ ಕೂತುಬಿಟ್ಟಿದೆ."

"ನಮ್ಮಪ್ಪನಾ?" ತಮ್ಮ ನಕ್ಕ. "ಉಗುರು ಕತ್ತರಿಸಿದ ದಿನಾನೂ ಬರೆದಿಡೋ ಮನುಷ್ಯ."

"ನೀನು ಹುಟ್ಟಿದ ಮೇಲೆ ವರ್ಷಗಟ್ಟಲೆ ಅವರ ಅಂಗಿ ಗುಂಡಿ ಸರಿ ಬೀಳ್ತಿರಲಿಲ್ಲ ಕಣೋ. ಹಾಕಪ್ಪ ಅದನ್ನ."

ರೀಲಿನವನು ಧೂಳು ಒರೆಸಿ, ಅಂಚಿನ ತೂತುಗಳನ್ನು ಯಂತ್ರದ ಹಲ್ಲಿಗೆ ಸಿಕ್ಕಿಸಿದ.

ಪರದೆಯ ಮೇಲೆ ಮಗುವೊಂದು ಅಂಗಳದಲ್ಲಿ ತಪ್ಪುಹೆಜ್ಜೆ ಇಡುತ್ತಿತ್ತು. ಅದೇ ಅಂಗಳದಲ್ಲಿ, ಹೊಗೆಯಷ್ಟು ತೆಳ್ಳಗೆ, ತುಂಬಿದ ಬಸುರಿಯೊಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ಕ್ಯಾಮೆರಾ ಕಂಡು ನಾಚಿ, ಒದ್ದೆ ಬಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದು, ಮತ್ತೆ ಸರಿಸಿ ನಕ್ಕಳು. ಮಗು ನೇರ ಅವಳತ್ತ ನಡೆದು, ಅವಳೊಳಗೆ ಹಾದು, ಆಚೆ ಹೋಗಿ ಕುಕ್ಕರಿಸಿತು.

ಅಕ್ಕ ಮನಸ್ಸಿನಲ್ಲೇ ಕೈಮುಗಿದಳು. ಅಪ್ಪನಿಗೆ ಆ ಮರೆವನ್ನು ದೇವರೇ ಕೊಟ್ಟಿರಬೇಕು. ಕೆಟ್ಟಿದೆ ಎಂದು ಬರೆದವರು ಎಸೆಯಲಂತೂ ಇಲ್ಲವಲ್ಲ.

"ಹೊಟ್ಟೇಲಿರೋನೂ ನಾನೇ, ಕುಕ್ಕರಿಸಿದೋನೂ ನಾನೇ" ಎಂದ ತಮ್ಮ.

"ಮಸುಕಾಗಿರೋದನ್ನ ಅಳಿಸಿ, ಮಗೂನ ಮಾತ್ರ ಚೆನ್ನಾಗಿ ಮಾಡ್ಕೊಡ್ಲಾ?" ಎಂದ ರೀಲಿನವನು.

"ಅಳಿಸು ನೋಡೋಣ" ಎಂದಳು ಅಕ್ಕ. ಅವನು ತೆಪ್ಪಗೆ ಕೈ ಹಿಂದೆಗೆದ.

ತಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. "ನಕ್ಕಾಗ ಅಮ್ಮನ ಮೂಗೂ ನಿನ್ನ ಥರಾನೇ ಸೊಟ್ಟ ಆಗತ್ತೆ ಅಕ್ಕ. ಇನ್ನೊಂದ್ಸಲ ಹಾಕಪ್ಪ. ಸ್ವಲ್ಪ ನಿಧಾನಕ್ಕೆ."