ಕೊನೇ ನಲ್ಲಿಯ ನೀರು

ನೀರಿನ ವಿಷಯದಲ್ಲಿ ಡೈಲಾಗನನ್ನು ಸೋಲಿಸುವ ಹುಳ ಇನ್ನೂ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ನಂಬದಿದ್ದರೆ ಪುಟ ಮಡಚಿಟ್ಟು ಎದ್ದು ಹೋಗಿ, ನಾನೇನೂ ತಡೆಯುವುದಿಲ್ಲ.

ಡೈಲಾಗ್ ಎಂದರೆ ಒಂದು ಬಡಾವಣೆಗೆ ನೀರು ಬಿಡುವವನು. ಮಾತಿಗೆ ಮುಂಚೆ ಸಿನಿಮಾ ಡೈಲಾಗ್ ಉದುರಿಸುತ್ತಿದ್ದುದರಿಂದ ಆ ಹೆಸರು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಕಲಸಿ ಹಾಕುವುದು, ವಾಲ್ವ್ ತಿರುಗಿಸುವುದು, ಆಮೇಲೆ ಕೊನೇ ಬೀದಿಯ ಕೊನೇ ನಲ್ಲಿಯ ನೀರನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಎರಡು ಹನಿ ಔಷಧಿ ಬಿಡುವುದು ಅವನ ಕೆಲಸ. ಹಳದಿಯಾದರೆ ಪೌಡರ್ ಅಲ್ಲಿಯತನಕ ತಲುಪಿದೆ ಎಂದರ್ಥ.

ಆ ಕೊನೇ ನಲ್ಲಿ ಅವನ ಅಕ್ಕನ ಮನೆಯದೇ.

ಮೊದಲ ಮಳೆಗೆ ಚರಂಡಿಗಳು ಉಕ್ಕಿ ಬೀದಿಯೆಲ್ಲ ಕೆಸರಾಗಿದ್ದ ವಾರ, ಒಲೆಯ ಮುಂದೆ ನಿಂತಿದ್ದ ಅಕ್ಕನ ಮೂಗಿನ ಕೆಳಗೇ ಅವನು ಹಳದಿ ಕೊಳವೆ ಹಿಡಿದ.

"ನೋಡಕ್ಕ. ಈ ಮನೆಗೆ ಹುಳ ಬರ್ಬೇಕಂದ್ರೆ ಮೊದ್ಲು ನನ್ನ ದಾಟ್ಬೇಕು. ದಾಟಕ್ಕೆ ಬಂದಿದ್ದು ಒಂದೂ ವಾಪಸ್ ಹೋಗಿಲ್ಲ."

"ಮಳೆಗಾಲ ಕಣೋ. ಕುದಿಸಿಬಿಡ್ತೀನಿ. ನಿನ್ನ ಡೈಲಾಗ್‌ಗೆ ನೀರು ಕಾಯಲ್ಲ."

"ಈ ತಮ್ಮನ್ನ ನಂಬಬೇಡ, ಬಣ್ಣಾನಾದ್ರೂ ನಂಬು. ಸುಮ್ನೆ ಗ್ಯಾಸ್ ಯಾಕೆ ಸುಡ್ತೀಯ?"

ಅಕ್ಕ ನಕ್ಕು ಒಲೆ ಆರಿಸಿದಳು. ಮರುದಿನದಿಂದ ನೀರು ಕುದಿಸಲು ಹಚ್ಚಲೂ ಇಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ ಅಕ್ಕನ ಐದು ವರ್ಷದ ಮಗಳಿಗೆ ನಾರುವ ಭೇದಿ ಹಿಡಿಯಿತು. ಹೊಟ್ಟೆ ಮಾತ್ರ ಉಬ್ಬಿ, ಮಿಕ್ಕ ಮೈ ಒಣಗಿದ ಹೀರೇಕಾಯಿಯಾಯಿತು. ಆಸ್ಪತ್ರೆಗೆ ಸೇರಿಸಿದರು. ಲ್ಯಾಬಿನ ಹೆಂಗಸು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು.

"ಬೇಸಿಗೇಲಿ ವಾರಕ್ಕೊಂದು ಕೇಸು. ಮಳೆ ಶುರುವಾದ್ರೆ ದಿನಕ್ಕೆ ಏಳೆಂಟು. ಒಡೆದ ಪೈಪಿಗೆ ಚರಂಡಿ ನೀರು ನುಗ್ಗುತ್ತೆ ನೋಡಿ. ಈ ಹುಳಕ್ಕೆ ಗಟ್ಟಿ ಕವಚ, ಬ್ಲೀಚಿಂಗ್ ಪೌಡರಿಗೂ ಸುಲಭಕ್ಕೆ ಸಾಯಲ್ಲ. ಕುದಿಸಿದ್ರೇ ಸಾಯೋದು. ಕುದಿಸ್ತಿದ್ರಾ?"

ಅಕ್ಕ ತಮ್ಮನ ಕಡೆ ತಿರುಗಲಿಲ್ಲ. "ಇಲ್ಲ ಮೇಡಂ. ನನ್ನ ಸೋಮಾರಿತನ."



ವಾರ್ಡಿನಲ್ಲಿ ಡ್ರಿಪ್ ಹನಿ ಹನಿಯಾಗಿ ಇಳಿಯುತ್ತಿತ್ತು. ಮಗು ಕಣ್ಣು ಬಿಟ್ಟಿತು. "ಮಾಮ, ಒಂದು ಡೈಲಾಗ್ ಹೇಳು."

ಕಡ್ಡಿಯಂಥ ಆ ಕೈಯನ್ನು ಹಿಡಿದು ಅವನು ಗಂಟಲು ಸರಿಮಾಡಿಕೊಂಡ. ಒಂದೂ ಬರಲಿಲ್ಲ. ಕಾದು ಕಾದು ಮಗು ಮತ್ತೆ ನಿದ್ದೆಗೆ ಜಾರಿತು.

ಮೊದಲ ಸಾಲಿನ ಬಡಾಯಿಯನ್ನು ವಾಪಸ್ ತಗೊಳ್ಳುತ್ತೇನೆ. ನಡೆದದ್ದು ಇಷ್ಟು. ಅಕ್ಕನಿಗೆ ಹಳದಿ ಕೊಳವೆ ತೋರಿಸಿದ ಅವತ್ತು, ಅವಳ ಅಂಗಳದ ನಲ್ಲಿಯಲ್ಲಿ ಹಿಡಿದ ನೀರು ಹಳದಿಗೆ ತಿರುಗಲೇ ಇಲ್ಲ. ಎಲ್ಲೋ ಪೈಪು ಒಡೆದಿದೆ ಎಂದು ಅವನಿಗೆ ಗೊತ್ತಾಯಿತು. ಹೇಳಿದರೆ ಮಳೆಯಲ್ಲಿ ಬೀದಿ ಅಗೆಯಬೇಕು. ಅದೂ ಅಲ್ಲದೆ ಬಣ್ಣವಿಲ್ಲದ ಕೊಳವೆ ಹಿಡಿದು ಎಂಟ್ರಿ ಕೊಟ್ಟರೆ ಡೈಲಾಗ್ ಹೊಡೆಯುವುದು ಹೇಗೆ? ಅದನ್ನು ಚರಂಡಿಗೆ ಚೆಲ್ಲಿ, ಟ್ಯಾಂಕಿನ ಬುಡದಲ್ಲೇ ಹಿಡಿದಿದ್ದ ಇನ್ನೊಂದು ಹಳದಿ ಕೊಳವೆಯನ್ನು ಜೇಬಿನಿಂದ ತೆಗೆದು ಒಳಗೆ ಹೋದ.

ಸೋಮಾರಿತನ ತನ್ನದೇ ಎಂದು ಅಕ್ಕ ಇವತ್ತಿಗೂ ನಂಬಿದ್ದಾಳೆ.