ಮೂಗು ಕಟ್ಟಿದವನ ಬಕಾರ

ನನ್ನ ಮೂಗು ಕಟ್ಟಿ ಹದಿನಾಲ್ಕು ವರ್ಷವಾಯಿತು. ನೆಗಡಿಯಾದರೆ ಅದು ನೆಂಟ. ನಾಲ್ಕು ದಿನ ಇದ್ದು ಹೋಗುತ್ತದೆ. ಇದು ನೆಂಟನಲ್ಲ. ಮನೆ ನನ್ನದೇ ಎಂದು ಕೂತ ಬಾಡಿಗೆದಾರ. ವೈದ್ಯರು ಇದಕ್ಕೆ ಸೈನಸ್ ಎನ್ನುತ್ತಾರೆ. ಹೆಸರು ತಿಳಿದ ಮಾತ್ರಕ್ಕೆ ಬಾಡಿಗೆದಾರ ಎದ್ದು ಹೋಗುವುದಿಲ್ಲ.

ನಾವಿರುವುದು ಮೂರನೆಯ ಮಹಡಿಯಲ್ಲಿ. ಮೇಲ್ಸೇತುವೆ ನಮ್ಮ ಕಿಟಕಿಯ ಎತ್ತರಕ್ಕೇ ಹಾದು ಹೋಗಿದೆ. ಲಾರಿಗಳ ಹೊಗೆ ಅಡುಗೆಮನೆಗೆ ನೇರವಾಗಿ ಬರುತ್ತದೆ, ಕರೆಯುವ ಅಗತ್ಯವಿಲ್ಲ. ಹಿಂಬದಿಯಲ್ಲಿ ಹಳೆಯ ಟೈರಿಗೆ ಹೊಸ ರಬ್ಬರು ಹಚ್ಚುವ ಕಾರ್ಖಾನೆ. ಮಗಳು ಬೆಳಿಗ್ಗೆ ಕಿಟಕಿಯ ಕಟ್ಟೆ ಒರೆಸಿದರೆ ಮಧ್ಯಾಹ್ನಕ್ಕೆ ಅದರ ಮೇಲೆ ಬೆರಳಿನಿಂದ ಅಕ್ಷರ ಬರೆಯಬಹುದು.

ಐದು ಜನ ವೈದ್ಯರನ್ನು ನೋಡಿದ್ದೇನೆ. ಹಬೆ ತೆಗೆದುಕೊಂಡೆ, ಉಪ್ಪುನೀರಿನಲ್ಲಿ ಮೂಗು ತೊಳೆದೆ. ಮೂರನೆಯವರು ಮೂಗಿನ ಮೂಳೆ ಸೊಟ್ಟಗಿದೆ ಎಂದು ಕೊಯ್ದು ನೆಟ್ಟಗೆ ಮಾಡಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂಬ ಗಾದೆಯನ್ನು ನಾನು ಅಕ್ಷರಶಃ ನಡೆಸಿ ತೋರಿಸಿದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಎಲ್ಲ ಮೊದಲಿನಂತೆಯೇ. ಐದನೆಯವರು, "ಹೊಗೆ ಇಲ್ಲದ ಊರಿಗೆ ಹೋಗಿಬಿಡಿ," ಎಂದರು.

"ಅಂಥ ಊರು ಇದ್ದಿದ್ರೆ ನೀವ್ಯಾಕೆ ಇಲ್ಲಿರ್ತಿದ್ರಿ?" ಎಂದು ಕೇಳಿದೆ.

ಅವರು ಕರವಸ್ತ್ರ ತೆಗೆದು ತಮ್ಮ ಮೂಗನ್ನು ಸೀಟಿಕೊಂಡರು.

ತಲೆನೋವು ಸಹಿಸಬಹುದು, ಬಾಯಿ ತೆರೆದು ಮಲಗುವುದನ್ನೂ ಸಹಿಸಬಹುದು. ಸಹಿಸಲಾಗದ್ದು ಮಾತಿನ ಪಾಡು. ಮೂಗು ಕಟ್ಟಿದವನ ಬಾಯಲ್ಲಿ ಮಕಾರ ಹೋಗಿ ಬಕಾರವಾಗುತ್ತದೆ, ನಕಾರ ಹೋಗಿ ದಕಾರವಾಗುತ್ತದೆ. ಒಮ್ಮೆ ಅಳಿಯನ ಕಚೇರಿಯಿಂದ ಫೋನು ಬಂತು. ಯಾರು ಮಾತಾಡುವುದು ಎಂದು ಕೇಳಿದರು. "ದಾದು ಅವದ ಬಾವ," ಎಂದೆ. ಮರುದಿನ ಅಳಿಯ ನಗುತ್ತ ಬಂದ. "ಮಾವ, 'ನಿನ್ನ ಭಾವನಿಗೆ ಪಾಪ, ಬೇಗ ಮುಪ್ಪು ಬಂದ ಹಾಗಿದೆ' ಅಂದ್ರು ನಮ್ಮ ಕಚೇರೀಲಿ."

ಇನ್ನು ಮುಂದೆ ನನ್ನ ಮಾತುಗಳನ್ನು ಸರಿಯಾದ ಅಕ್ಷರಗಳಲ್ಲೇ ಬರೆಯುತ್ತೇನೆ. ಓದುವವರು ಮನಸ್ಸಿನಲ್ಲಿ ಮೂಗು ಹಿಡಿದುಕೊಂಡು ಓದಿಕೊಳ್ಳಬೇಕು.

ನನ್ನ ಹೆಂಡತಿ ತೀರಿಕೊಂಡು ನಾನು ಹೇಳಹೊರಟ ಭಾನುವಾರಕ್ಕೆ ಒಂದು ವರ್ಷ ತುಂಬುತ್ತಿತ್ತು. ಅವಳು ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು. ಹೊಲಿಗೆ ರೋಗಿಯ ಬೆನ್ನಿಗೆ ಒತ್ತಬಾರದೆಂದು ಹಾಸಿಗೆಯ ಬಟ್ಟೆಯನ್ನು ಅಂಚುಗಳು ಹೊರಗೆ ಬರುವಂತೆ ಮಡಿಸುತ್ತಿದ್ದಳು. ಜೊತೆಯವರು, "ದೊಡ್ಡಕ್ಕ, ಯಾರು ನೋಡ್ತಾರೆ ಇದನ್ನ?" ಎಂದು ಕೇಳಿದರೆ ಅವಳ ಉತ್ತರ ಎರಡೇ ಪದ: "ದೇವರು ಬಲ್ಲ." ಜನ ಏನೂ ತಿಳಿಯದಿದ್ದಾಗ ದೇವರೇ ಬಲ್ಲ ಎನ್ನುತ್ತಾರೆ. ಅವಳು ತಿಳಿದೇ ಹೇಳುತ್ತಿದ್ದಳು. ಮಗಳ ಜ್ವರಕ್ಕೂ ಅದೇ ಮಾತು, ನನ್ನ ಮೂಗಿಗೂ ಅದೇ ಮಾತು. ಕೊನೆಗೆ ಎದೆ ನೋವೆಂದು ಕುಳಿತಾಗಲೂ ಅದನ್ನೇ ಹೇಳಿದಳು. ಆಮೇಲೆ ಮಾತಾಡಲಿಲ್ಲ.

ನಮ್ಮ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಒಂದು ಮರದ ಬೆಂಚು ಇದೆ. ಕೆಲಸದಿಂದ ಬರುವಾಗ ಅವಳು ಅದರ ಎಡತುದಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಅದಕ್ಕೊಂದು ಹಿತ್ತಾಳೆಯ ಫಲಕ ಹಾಕಿಸಲು ಮಂದಿರದ ಮೇಲ್ವಿಚಾರಕರು ಒಪ್ಪಿದರು. ಅಂಗೈಯಷ್ಟು ದೊಡ್ಡದು, ಎರಡು ಸಾಲು, ಅದಕ್ಕಿಂತ ಹೆಚ್ಚಿಲ್ಲ. ಮೇಲೆ "ದೊಡ್ಡಕ್ಕ", ಕೆಳಗೆ "ದೇವರು ಬಲ್ಲ". ಭಾನುವಾರ ಬೆಳಿಗ್ಗೆ ಅವಳ ಜೊತೆ ಕೆಲಸ ಮಾಡಿದವರೆಲ್ಲ ಬರುವವರಿದ್ದರು. ಒಂದು ವರ್ಷದಲ್ಲಿ ಅವಳಿಗಾಗಿ ನಾನು ಮಾಡಿದ್ದು ಏನೂ ಇಲ್ಲ. ಇದೊಂದನ್ನಾದರೂ ತಪ್ಪಿಲ್ಲದೆ ಮಾಡಬೇಕೆಂದುಕೊಂಡೆ.

ತಪ್ಪಿಲ್ಲದೆ ಮಾಡುವುದು ನನ್ನ ಕಸುಬೂ ಆಗಿತ್ತು. ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿದ್ದೇನೆ. ಮಕ್ಕಳ ಕಣ್ಣಿಗೆ ಬೀಳುವ ಮುಂಚೆ ತಪ್ಪು ನನ್ನ ಕಣ್ಣಿಗೆ ಬೀಳಬೇಕು. ಬೀಳುತ್ತಿತ್ತು.

ಫಲಕ ಕೆತ್ತುವವನ ಅಂಗಡಿ ಎರಡು ಬೀದಿ ಆಚೆ. ಎಲ್ಲರೂ ಅವನನ್ನು ಹಿತ್ತಾಳೆಯಣ್ಣ ಎಂದೇ ಕರೆಯುತ್ತಾರೆ. ಒಂದು ಮೇಜು, ಒಂದು ಉಜ್ಜುವ ಚಕ್ರ, ಗೋಡೆಯ ತುಂಬ ಬಾಗಿಲ ಫಲಕಗಳ ಮಾದರಿ. ನಾಲ್ಕು ದಿನ ಮೊದಲೇ ಹೋದೆ. ಎರಡು ಸಾಲನ್ನು ದುಂಡಗೆ ಬರೆದ ಕಾಗದವನ್ನು ಮುಂದಿಟ್ಟೆ. ಅವನು ಅದನ್ನು ಮಡಚಿ ನನ್ನ ಜೇಬಿಗೇ ತುರುಕಿದ.

"ಕಾಗದ ಬೇಡ ಯಜಮಾನ್ರೇ. ಬಾಯಲ್ಲಿ ಹೇಳಿ. ಕಾಗದದಲ್ಲಿ ಇದ್ದ ಹಾಗೇ ಕೆತ್ತಿದ್ರೆ, ಆಮೇಲೆ ಬರೆದವನು ನಮ್ಮ ಮೈದುನ ಅಂತಾರೆ. ಬಾಯಿಬಿಟ್ಟು ಹೇಳಿದ ಮೇಲೆ ಮೈದುನನ ತಲೆ ಮೇಲೆ ಹಾಕೋಕಾಗಲ್ಲ."

"ನನಗೆ ಮೈದುನ ಇಲ್ಲ."

"ಹಾಗಾದ್ರೆ ಇನ್ನೂ ಒಳ್ಳೇದು, ಹೇಳಿ. ಮೂಗು ಕಟ್ಟಿದ್ಯಾ?"

"ಹದಿನಾಲ್ಕು ವರ್ಷದಿಂದ."

"ಗೊತ್ತಾಯ್ತು, ಗೊತ್ತಾಯ್ತು," ಎಂದು ತಲೆಯಾಡಿಸಿದ.

ನಾನು ಹೇಳಿದೆ. ಹೇಳುತ್ತಿರುವಾಗ ನನಗೇ ಸಂತೋಷವಾಯಿತು. "ದೊಡ್ಡಕ್ಕ. ದೇವರು ಬಲ್ಲ." ಇದರಲ್ಲಿ ಮೂಗಿನಿಂದ ಹೊರಡುವ ಅಕ್ಷರ ಒಂದೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಮಾತು ನನ್ನ ಬಾಯಿಂದ ಪೂರ್ತಿ ಸರಿಯಾಗಿ ಬಂತು. ಅವಳು ನನಗಾಗಿಯೇ ಆರಿಸಿಟ್ಟು ಹೋದ ಮಾತಿನಂತೆ ಕಂಡಿತು.

ಹಿತ್ತಾಳೆಯಣ್ಣ ಬಿಳಿ ಪೆನ್ಸಿಲಿನಿಂದ ಫಲಕದ ಮೇಲೆ ಬರೆದು, ನೋಡಿ ಎಂದು ನನ್ನತ್ತ ತಿರುಗಿಸಿದ. ಅದೇ ಹೊತ್ತಿಗೆ ಪಕ್ಕದ ಅಂಗಡಿಯವನು ಅವನ ಉಜ್ಜುವ ಚಕ್ರ ಬಳಸಲು ಬಂದ. ಚಕ್ರ ತಿರುಗಿತು, ಲೋಹದ ಪುಡಿ ಎದ್ದಿತು. ಏಳು ಸೀನು ಸೀನಿದೆ. ಹುಬ್ಬಿನ ಹಿಂದೆ ಯಾರೋ ಮೊಳೆ ಹೊಡೆದಂತೆ ನೋವು. ಕಣ್ಣಿನ ತುಂಬ ನೀರು. ಆ ನೀರಿನ ಹಿಂದೆ ಎರಡು ಬಿಳಿಯ ಸಾಲುಗಳು ಅಲ್ಲಾಡಿದವು. ಬೇಗ ಹೊರಗೆ ಹೋದರೆ ಸಾಕಾಗಿತ್ತು.

"ಸರಿ," ಎಂದೆ. ಅವನು ಚಾಚಿದ ಪುಸ್ತಕದಲ್ಲಿ "ಸರಿ" ಎಂದು ಬರೆದು, ಮುದ್ರಣಾಲಯದಲ್ಲಿ ಹಾಕುತ್ತಿದ್ದ ಹಾಗೆಯೇ ಅದರ ಕೆಳಗೆ ಎರಡು ಗೆರೆ ಎಳೆದೆ.

ಶನಿವಾರ ಮಧ್ಯಾಹ್ನ ಅಳಿಯ ಫಲಕವನ್ನು ತಂದ. ಊಟದ ಮೇಜಿನ ಮೇಲೆ ಬಟ್ಟೆ ಬಿಚ್ಚಿದೆವು. ಮಗಳು ಮೊದಲು ನೋಡಿದಳು. ಅವಳ ತುಟಿ ಒಮ್ಮೆ ನಗುವಿಗೆ ಹೊರಟು, ಒಮ್ಮೆ ಅಳುವಿಗೆ ಹೊರಟು, ಎರಡೂ ಆಗದೆ ನಿಂತಿತು.

"ಅಪ್ಪ, ಅಮ್ಮ ಯಾವತ್ತಾದ್ರೂ ಕುಸ್ತಿ ವಿಷಯ ಮಾತಾಡಿದ್ರಾ?"

ಫಲಕದಲ್ಲಿ ಹೀಗಿತ್ತು: ದೊಡ್ಡಕ್ಕ. ದೇವರು ಮಲ್ಲ.

ಅಳಿಯ ಸಮಾಧಾನ ಹೇಳಲು ಬಂದ. "ಇರ್ಲಿ ಬಿಡಿ ಮಾವ. ಓದುವಾಗ ಯಾರೂ ಅಷ್ಟು ಗಮನಿಸಲ್ಲ."

ಇಡೀ ಜೀವಮಾನ ನಾನು ಕೇಳಬಾರದೆಂದುಕೊಂಡಿದ್ದ ಮಾತು ಅದೇ. ಫಲಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದೆ. ಅಂಗಡಿ ಐದಕ್ಕೆ ಮುಚ್ಚುತ್ತದೆ. ಆಗ ಮೂರೂವರೆ. ಬೀದಿಯಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು, ಎಲ್ಲವೂ ಹೊಗೆ ಬಿಡುತ್ತಿದ್ದವು. ಬಾಯಲ್ಲಿ ಉಸಿರಾಡಿದರೆ ನಾಲಿಗೆಯ ಮೇಲೆ ಹೊಗೆಯ ರುಚಿ; ಬಾಯಿ ಮುಚ್ಚಿದರೆ ಉಸಿರೇ ಇಲ್ಲ. ಎರಡು ಬೀದಿಯಲ್ಲಿ ನಾಲ್ಕು ಕಡೆ ನಿಂತೆ.

ಹಿತ್ತಾಳೆಯಣ್ಣ ಫಲಕವನ್ನು ದೂರ ಹಿಡಿದು ನೋಡಿದ.

"ಚೆನ್ನಾಗೇ ಬಂದಿದೆಯಲ್ಲ."

"ಮಲ್ಲ ಅಲ್ಲ. ಬಲ್ಲ. ಬ, ಬ."

"ಅದೇ, ಮ."

"ಬ. ಬಳೆಯ ಬ."

"ಮಳೆಯ ಮ. ಅದನ್ನೇ ಕೆತ್ತಿರೋದು."

"ಮಳೆ ಅಲ್ಲಪ್ಪ, ಕೈಗೆ ಹಾಕ್ಕೊಳ್ಳೋದು. ಬರ ಬಂತು ಅಂತಾರಲ್ಲ, ಆ ಬ."

"ಮರ ಬಂತು ಅಂತ ಯಾರು ಅಂತಾರೆ ಯಜಮಾನ್ರೇ? ಮರ ಬಿತ್ತು ಅಂತಾರೆ."

ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಹೇಳುತ್ತಾರೆ. ನನ್ನ ಮೂಗಿನಲ್ಲಿ ಅದಕ್ಕೂ ಜಾಗವಿಲ್ಲ. ಮೂರ್ಖ ಎಂದು ಬೈಯಲು ಹೋದೆ. ಬಾಯಿಂದ ಬಂದದ್ದು "ಬೂರ್ಖ". ಅವನು ಅದನ್ನೂ ಮನಸ್ಸಿನಲ್ಲಿ ತಿದ್ದಿಕೊಂಡು ಮುಖ ಸಣ್ಣದು ಮಾಡಿಕೊಂಡ. ಬೈಗುಳವೊಂದೇ ಸರಿಯಾಗಿ ಮುಟ್ಟಿತು. ಕೊನೆಗೆ ಮೇಜಿನ ಮೇಲಿದ್ದ ಬಿಳಿ ಪೆನ್ಸಿಲು ತೆಗೆದು, ಅವನ ಮೇಜಿನ ಮೇಲೆಯೇ ದೊಡ್ಡದಾಗಿ "ಬಲ್ಲ" ಎಂದು ಬರೆದೆ.

ಅವನು ಅದನ್ನು ನೋಡಿದ. ಫಲಕವನ್ನು ನೋಡಿದ. ಮೆಲ್ಲಗೆ ಸ್ಟೂಲಿನ ಮೇಲೆ ಕೂತ.

"ನಿಮಗೆ ಮೂಗು ಕಟ್ಟಿದೆ ಅಂದ್ರಲ್ಲ," ಎಂದ. "ಈ ಊರಲ್ಲಿ ಮೂಗು ಬಿಟ್ಟಿರೋ ಗಿರಾಕಿ ಬಂದು ಎಷ್ಟು ಕಾಲ ಆಯ್ತೋ. ಹಿಂದೆ ಒಬ್ಬ ಬಂದು 'ಅಬ್ಬದ ದೆದಪಿಗೆ' ಅಂದ. ಹೇಳಿದ ಹಾಗೇ ಕೆತ್ತಿಟ್ಟೆ. 'ಅಮ್ಮನ ನೆನಪಿಗೆ' ಕಣೋ ಅಂತ ಹೊಡೆಯೋಕೆ ಬಂದ. ಅವತ್ತಿಂದ ಮೂಗು ಕಟ್ಟಿದವರು ಬ ಅಂದ್ರೆ ಮ ಬರೀತೀನಿ, ದ ಅಂದ್ರೆ ನ. ಎಲ್ಲರಿಗೂ ಸರಿಯಾಗಿದೆ. ನಿಮಗೊಬ್ಬರಿಗೆ ತಪ್ಪಿತು."

"ದೇವರನ್ನ ಹಾಗಾದ್ರೆ ನೇವರು ಅಂತ ಯಾಕೆ ಕೆತ್ತಲಿಲ್ಲ?"

"ಅಷ್ಟೂ ತಿಳಿಯಲ್ವಾ ನನಗೆ? ದೇವರು ಮಲ್ಲ ಅಂದ್ರೆ, ದೇವರು ಬಲಶಾಲಿ ಅಂತ ಭಕ್ತಿಯಿಂದ ಹೇಳ್ತಿದ್ದೀರಿ ಅಂದ್ಕೊಂಡೆ. ಮನಸ್ಸಲ್ಲೇ ಕೈ ಮುಗಿದು ಕೆತ್ತಿದೆ." ಆಮೇಲೆ ಪುಸ್ತಕ ತೆರೆದು ನನ್ನ ಮುಂದೆ ಇಟ್ಟ. "ನೀವೂ ನೋಡಿ ಒಪ್ಪಿದ್ರಲ್ಲ."

ಅಲ್ಲಿ ನನ್ನ ಕೈಬರಹವಿತ್ತು. ಸರಿ. ಕೆಳಗೆ ಎರಡು ಗೆರೆ.

ಮೂವತ್ತಾರು ವರ್ಷ ಪರರ ಪುಸ್ತಕಗಳಲ್ಲಿ ಒತ್ತು, ದೀರ್ಘ, ಸೊನ್ನೆ ಒಂದನ್ನೂ ಬಿಡದೆ ಹಿಡಿದವನು, ಹೆಂಡತಿಗೆಂದು ಬರೆಸಿದ ಏಳೆಂಟು ಅಕ್ಷರಗಳಲ್ಲಿ ಒಂದನ್ನು ನೋಡದೆ ಬಿಟ್ಟೆ. ಮೂಗಿನ ಮೇಲೆ ಹೊರಿಸಬಹುದು. ಹೊಗೆಯ ಮೇಲೆ ಹೊರಿಸಬಹುದು. ಆದರೆ ಸರಿ ಎಂದು ಬರೆದ ಕೈ ನನ್ನದು. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ನೋಡುವಷ್ಟು ತಾಳ್ಮೆ ನನಗೆ ಇರಲಿಲ್ಲ. ದೇವರೇ, ಈ ಮೂಗು ನನ್ನ ಉಸಿರನ್ನು ತೆಗೆದುಕೊಂಡಿತು, ಊಟದ ರುಚಿ ತೆಗೆದುಕೊಂಡಿತು, ಈಗ ಇದನ್ನೂ ಬಿಡಲಿಲ್ಲವಲ್ಲ ಎಂದು ಒಳಗೇ ಜಗಳವಾಡಿದೆ. ಪ್ರಾರ್ಥನೆ ಎನ್ನಲಾಗದು. ಜಗಳವೇ.

ಹಿತ್ತಾಳೆಯಣ್ಣ ನನ್ನ ಮುಖ ನೋಡಿ, "ಅಳಬೇಡಿ ಯಜಮಾನ್ರೇ," ಎಂದ.

"ಅಳ್ತಿಲ್ಲ. ಮೂಗು."

"ನಂದೂ ಅಷ್ಟೇ," ಎಂದು ಅವನೂ ಕಣ್ಣೊರೆಸಿಕೊಂಡ.

ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಅಷ್ಟು ಅಗಲದ ಹಿತ್ತಾಳೆ ಅಂಗಡಿಯಲ್ಲಿ ಇನ್ನೊಂದಿರಲಿಲ್ಲ. ಹೊಸದು ಬರುವುದು ಮಂಗಳವಾರ. ಮಕಾರವನ್ನು ಸೀಸ ತುಂಬಿ ಮುಚ್ಚಿ ಬಕಾರ ಕೆತ್ತಬಹುದು, ಆದರೆ ಕಲೆ ಉಳಿಯುತ್ತದೆ ಎಂದ. ನಾನು ಫಲಕವನ್ನು ತಿರುಗಿಸಿದೆ. ಹಿಂಬದಿ ಖಾಲಿಯಿತ್ತು.

"ಇಲ್ಲಿ ಕೆತ್ತು," ಎಂದೆ. "ಈ ಸಲ ನಾನು ಬರೀತೀನಿ."

ಅವನ ನಿಯಮಕ್ಕೆ ಅದು ವಿರುದ್ಧ. ಆದರೂ ಪೆನ್ಸಿಲು ಕೊಟ್ಟ. ಹಿಂಬದಿಯನ್ನು ಉಜ್ಜಿ ಹೊಳಪು ಮಾಡುವಾಗ ನನ್ನನ್ನು ಹೊರಗೆ ನಿಲ್ಲಿಸಿದ. ಹೊರಗೆ ಲಾರಿ, ಒಳಗೆ ಪುಡಿ. ಹೊರಗೆ ನಿಂತು ಸೀನಿ, ಒಳಗೆ ಬಂದು ಬರೆದೆ. ಒಂದೊಂದು ಅಕ್ಷರ ಬರೆದಾಗಲೂ ಕಣ್ಣೊರೆಸಿಕೊಂಡೆ.

ಅವನು ಉಳಿ ಹಿಡಿದು ಕೂತ. ಫಲಕ ಅಲ್ಲಾಡದಂತೆ ನಾನು ಎರಡೂ ಅಂಚು ಒತ್ತಿ ಹಿಡಿದೆ. "ಸೀನು ಬಂದ್ರೆ ಮೊದಲೇ ಹೇಳಿ," ಎಂದ.

"ನೀನೂ ಹೇಳು."

"ದೊಡ್ಡಕ್ಕ" ಮುಗಿಯಿತು. "ದೇವರು" ಮುಗಿಯಿತು. ಬಕಾರದ ಹೊಟ್ಟೆ ಅರ್ಧ ತಿರುಗುವಾಗ ನನ್ನ ಹುಬ್ಬಿನ ನಡುವೆ ಕಚಗುಳಿ ಎದ್ದಿತು. ಉಳಿಯನ್ನು ನಡುವೆ ಎತ್ತಿದರೆ ಗೆರೆ ಮುರಿಯುತ್ತದೆ ಎಂದು ಅವನೇ ಹೇಳಿದ್ದ. ನಾನು ತುಟಿ ಕಚ್ಚಿ, ಉಸಿರು ಹಿಡಿದು, ಎದುರಿನ ಗೋಡೆಯ ಒಂದು ದಂತವೈದ್ಯರ ಫಲಕವನ್ನೇ ನೋಡುತ್ತ ನಿಂತೆ. ಕಚಗುಳಿ ಹಣೆಗೆ ಏರಿತು, ಕಿವಿಗೆ ಇಳಿಯಿತು, ಕಣ್ಣಿಂದ ನೀರಾಗಿ ಸುರಿಯಿತು. ಒಂದು ಹನಿ ಹಿತ್ತಾಳೆಯ ಮೇಲೆ ಬಿತ್ತು. ಅವನು ಕೈ ನಿಲ್ಲಿಸದೆ ಬಕಾರವನ್ನು ಮುಗಿಸಿ ಉಳಿ ಎತ್ತಿದ.

"ಈಗ ಸೀನಿ."

ಹನ್ನೊಂದು ಸೀನು. ಅವನು ಎಣಿಸಿದನಂತೆ.

ಕೆತ್ತನೆ ಮುಗಿದ ಮೇಲೆ ಅವನು ಪುಸ್ತಕ ಚಾಚಿದ. ನಾನು ಮುಖ ತೊಳೆಯಲು ನೀರು ಕೇಳಿದೆ. ಮುಖ ತೊಳೆದು, ಕನ್ನಡಕ ಒರೆಸಿ, ಫಲಕವನ್ನು ಬಾಗಿಲ ಬೆಳಕಿಗೆ ತಂದು, ಮುದ್ರಣಾಲಯದಲ್ಲಿ ಕಲಿತಂತೆ ಕೊನೆಯಿಂದ ಹಿಂದಕ್ಕೆ ಓದಿದೆ. ಲ್ಲ. ಬ. ರು. ವ. ದೇ. ಆಮೇಲೆ ಮೇಲಿನ ಸಾಲು. ಎಲ್ಲಕ್ಕೂ ಬೆರಳಿಟ್ಟು ನೋಡಿದೆ. ಆಮೇಲೆ ಪುಸ್ತಕದಲ್ಲಿ ಹಳೆಯ "ಸರಿ"ಯನ್ನು ಹೊಡೆದುಹಾಕಿ, ಪಕ್ಕದಲ್ಲಿ "ನನ್ನ ತಪ್ಪು" ಎಂದು ಬರೆದೆ. ಅದರ ಕೆಳಗೆ ಹೊಸದಾಗಿ "ಸರಿ".

"ಹಿಂದುಗಡೆ ಆ ಮಲ್ಲ ಹಾಗೇ ಉಳಿದ," ಎಂದ ಹಿತ್ತಾಳೆಯಣ್ಣ, ಮುಜುಗರದಿಂದ. "ಉಜ್ಜಿಬಿಡಲಾ?"

"ಐದಾಯ್ತು, ಅಂಗಡಿ ಮುಚ್ಚು," ಎಂದೆ. "ಮರದ ಕಡೆ ಇರ್ತಾನೆ. ಬೆಂಚು ಹಳೇದು, ಯಾರಾದ್ರೂ ಹಿಡ್ಕೊಂಡಿರಬೇಕಲ್ಲ."

ಭಾನುವಾರ ಬೆಳಿಗ್ಗೆ ಮೇಲ್ವಿಚಾರಕರು ನಾಲ್ಕು ತಿರುಪು ಬಿಗಿದರು. ಆಸ್ಪತ್ರೆಯ ಒಗೆಯುವ ವಿಭಾಗದಿಂದ ಒಂಬತ್ತು ಹೆಂಗಸರು ಬಂದಿದ್ದರು. ಅರ್ಧದಷ್ಟು ಜನ ಕೆಮ್ಮುತ್ತಿದ್ದರು. ಅವರಲ್ಲೊಬ್ಬಳು ಬಾಗಿ ಓದಿ, "ಹೂಂ, ಅವರದ್ದೇ ಮಾತು," ಎಂದಳು.

ಎಲ್ಲರೂ ಒಳಗೆ ಹೋದ ಮೇಲೆ ನಾನು ಬೆಂಚಿನ ಬಲತುದಿಯಲ್ಲಿ ಕೂತೆ. ಎಡತುದಿಯನ್ನು ಬಿಟ್ಟೆ. ಮಂದಿರದ ಗೋಡೆಯ ಆಚೆ ವಾಹನಗಳು ನಿಂತು ಗುರುಗುಟ್ಟುತ್ತಿದ್ದವು. ಮೂಗು ಎಂದಿನಂತೆ ಕಟ್ಟಿತ್ತು. ಮಗಳು ಬಂದು, ಒಳಗೆ ಪ್ರಾರ್ಥನೆ ಶುರುವಾಯಿತು, ಬನ್ನಿ ಅಪ್ಪ ಎಂದಳು. ನಾನು ಎದ್ದೆ.